ಹೆಪ್ಪಿಗೆ ತಂದ ನಾಡಿ

ತಾಯಿಯ ಎದೆಬಡಿತ ಮಗುವಿನ ಮಣಿಕಟ್ಟಿಗೆ ತಿಳಿಯುವಂತಾದರೆ ಏನಾಗಬಹುದು ಎಂದು ಮೊದಲು ಕೇಳಿದವರು ಯಾರೋ ನನಗೆ ಗೊತ್ತಿಲ್ಲ. ಅವರ ಎದೆ ನಿಧಾನವಾಗಿ ಬಡಿಯುತ್ತಿದ್ದಿರಬೇಕು. ನನ್ನಂಥವಳಾಗಿದ್ದರೆ ಆ ಪ್ರಶ್ನೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಸುಮ್ಮನೆ ಕುಳಿತಾಗಲೂ ನನ್ನ ನಾಡಿ ತೊಂಬತ್ತಾರು. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡುತ್ತೇನೆ. ಬೀಗ ಹಾಕಿ, ಎಳೆದು, ನಾಲ್ಕು ಹೆಜ್ಜೆ ಹೋಗಿ, ಮರಳಿ ಬಂದು ಎಳೆಯುತ್ತೇನೆ. ಮಗಳು ಮೆಟ್ಟಿಲು ಹತ್ತುವ ಸದ್ದಿನಲ್ಲಿ ಅವಳ ಆ ದಿನ ಹೇಗಿತ್ತೆಂದು ಲೆಕ್ಕ ಹಾಕುತ್ತೇನೆ. ಇಂಥ ನಾನು ಕೆಲಸ ಮಾಡುತ್ತಿದ್ದುದು ಚಿತ್ರದುರ್ಗದ ಜೋಡಿನಾಡಿ ಕೇಂದ್ರದಲ್ಲಿ.

ಹಳೆಯ ಹತ್ತಿ ಗಿರಣಿಯೊಂದರೊಳಗೆ ಕೇಂದ್ರವಿತ್ತು. ಶಾಲೆಗಳಲ್ಲಿ ಹೊಡೆದಾಟ ಮಿತಿಮೀರಿದ ಮೇಲೆ ಹದಿಮೂರರಿಂದ ಹದಿನೇಳರ ಮಕ್ಕಳೆಲ್ಲ ಎಡಗೈಗೆ ಜೋಡಿಪಟ್ಟಿ ಕಟ್ಟಬೇಕೆಂದು ನಿಯಮ ಬಂದಿತ್ತು. ಮಗುವಿಗೊಂದು, ತಾಯಿಗೋ ತಂದೆಗೋ ಒಂದು. ಮಗುವಿನ ಪಟ್ಟಿ ಅದರ ನಾಡಿಯನ್ನೂ ಚರ್ಮದ ಬೆವರನ್ನೂ ಅಳೆಯುತ್ತದೆ. ಸಿಟ್ಟು ಏರಿ ಹಳದಿ ಗೆರೆ ದಾಟಿದರೆ ಪಟ್ಟಿಯ ಒಳಗಿನ ಸಣ್ಣ ಬಿಲ್ಲೆ ಮಣಿಕಟ್ಟನ್ನು ಮೆಲ್ಲಗೆ ತಟ್ಟತೊಡಗುತ್ತದೆ. ಆ ತಟ್ಟು ಯಂತ್ರದ್ದಲ್ಲ. ಅದೇ ಕ್ಷಣದಲ್ಲಿ ಎಲ್ಲೋ ಇರುವ ತಾಯಿಯ ನಾಡಿ. ಹೆತ್ತವರೊಡನೆ ಗಟ್ಟಿ ನಂಟಿರುವ ಮಗು ಆ ಲಯಕ್ಕೆ ತಾನೂ ಇಳಿಯುತ್ತದೆ ಎಂಬುದು ಇದನ್ನು ಮಾಡಿದವರ ನಂಬಿಕೆ. ಬಹಳ ಮಕ್ಕಳ ವಿಷಯದಲ್ಲಿ ಅದು ನಿಜವೂ ಆಯಿತು. ಇಳಿಯದೆ ಕೆಂಪು ಗೆರೆಯ ಮೇಲೆ ತೊಂಬತ್ತು ಸೆಕೆಂಡು ನಿಂತರೆ ಒಂದು ಕೆಂಪು ಗುರುತು. ಮೂರು ಗುರುತಾದರೆ ಆರು ತಿಂಗಳು ಶಮನ ಶಾಲೆ. ಅದು ಇನ್ನೂರು ಕಿಲೋಮೀಟರ್ ದೂರ. ತಿಂಗಳಿಗೊಂದು ಭೇಟಿ. ಅಲ್ಲಿಂದ ಮರಳಿದ ಮಕ್ಕಳು ಜಗಳವಾಡುವುದಿಲ್ಲ ನಿಜ. ಎದುರು ನಿಂತು ಏನನ್ನೂ ಕೇಳುವುದೂ ಇಲ್ಲ.

ನನ್ನ ಮಗಳು ಪರ್ಣಿಕಾಗೆ ಹದಿನೈದು ವರ್ಷ. ಎರಡು ಗುರುತಾಗಿದ್ದವು.

ಎರಡನೆಯದು ಬಿದ್ದ ದಿನ ನಾನು ಕೇಂದ್ರದ ಪರದೆಯ ಮುಂದೆಯೇ ಇದ್ದೆ. ಗಣಿತದಲ್ಲಿ ಹನ್ನೊಂದು ಬಂದದ್ದಕ್ಕೆ ನಕ್ಕ ಹುಡುಗಿಯ ಕನ್ನಡಕವನ್ನು ಅವಳು ಕಿತ್ತು ನೆಲಕ್ಕೆ ಹಾಕಿ ತುಳಿದಿದ್ದಳು. ಅದೆಲ್ಲ ಆಮೇಲೆ ತಿಳಿದದ್ದು. ನಾನು ಕಂಡದ್ದು ಎರಡು ಗೆರೆಗಳನ್ನು. ಅವಳದು ಏರಿತು. ಏರಿದ್ದನ್ನು ನೋಡಿ ನನ್ನದು ಏರಿತು. ನನ್ನದು ಅವಳ ಮಣಿಕಟ್ಟನ್ನು ತಟ್ಟಿತು, ಅವಳದು ಇನ್ನೂ ಏರಿತು. ಒಂದೇ ಕೋಲಿಗೆ ಹಬ್ಬಿದ ಎರಡು ಬಳ್ಳಿಗಳಂತೆ ಅವು ಒಂದನ್ನೊಂದು ಸುತ್ತಿಕೊಂಡು ಮೇಲೆ ಹೋದವು.

ಆ ಸಂಜೆ ಪರ್ಣಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಕುಳಿತಳು. ನಾನು ಈಳಿಗೆಯ ಕಡೆ ನೋಡಿದೆ.

"ನಿನಗಾಗಲ್ಲ ಬಿಡು, ನಾನೇ ಮಾಡ್ತೀನಿ," ಎಂದೆ.

"ಬೀನ್ಸ್ ಅಮ್ಮ. ಬೀನ್ಸ್ ಹೆಚ್ಚೋಕೂ ಬರಲ್ವಾ ನಂಗೆ?"

"ಹಾಗಲ್ಲ. ಕೈ ಗೀ ಕುಯ್ಕೊಂಡ್ರೆ ಅಂತ."

ಅವಳು ಬೀನ್ಸನ್ನು ಬುಟ್ಟಿಗೆ ಸುರಿದು ಎದ್ದಳು. ಒಳಗಿನಿಂದ ನನ್ನ ಗಂಡ ಬಸವಪ್ರಭು ಕೂಗಿದರು. ಅವರು ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳ ಕಂಬ ಹತ್ತಿ ರಿಪೇರಿ ಮಾಡುವವರು. ಆ ಕೆಲಸದಲ್ಲಿ ಕೈಗೆ ಏನೂ ಕಟ್ಟುವಂತಿಲ್ಲ, ಹಾಗಾಗಿ ಪಟ್ಟಿ ನನ್ನ ಪಾಲಿಗೆ ಬಂದಿತ್ತು. "ಬೀನ್ಸ್ ಮೇಲೂ ಕೆಂಪು ಗುರುತು ಬಿತ್ತಾ?"

ತಮಾಷೆಗೇ ಅಂದದ್ದು. ಪರ್ಣಿ ಬಾಗಿಲು ಹಾಕಿಕೊಂಡ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಬಿತ್ತು.

ಮರುದಿನ ಪಕ್ಕದ ಕುರ್ಚಿಯ ಗುಲ್ಜಾರ್ ಬಾನುಗೆ ಆ ಎರಡು ಗೆರೆಗಳನ್ನು ತೋರಿಸಿದೆ. ಅವಳು ನನಗಿಂತ ಚಿಕ್ಕವಳು. ನನ್ನನ್ನು ಇಂದಕ್ಕ ಎಂದೇ ಕರೆಯುತ್ತಿದ್ದಳು.

"ಇದರಲ್ಲಿ ಪರ್ಣಿ ತಪ್ಪು ಅರ್ಧ, ಇಂದಕ್ಕ," ಎಂದಳು. "ಇನ್ನರ್ಧ ನಿಮ್ಮ ಎದೇದು. ಬೇಜಾರ್ ಮಾಡ್ಕೋಬೇಡಿ."

"ಎದೆ ಬದಲಾಯಿಸೋಕಾಗತ್ತಾ?"

ಕೇಳಿದ್ದು ನಾನೇ. ಕೇಳಿದ ಮೇಲೆ ಇಬ್ಬರೂ ಪರದೆಯ ಕಡೆ ನೋಡಿದೆವು. ಏಕೆಂದರೆ ಆಗುತ್ತಿತ್ತು. ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ, ತಂದೆ ತೀರಿಕೊಂಡಾಗ, ಅರ್ಜಿ ಪಡೆದು ಅಜ್ಜಿಯದೋ ಚಿಕ್ಕಮ್ಮನದೋ ನಾಡಿಯನ್ನು ಮಗುವಿಗೆ ಜೋಡಿಸುವುದು ನನ್ನ ಕೆಲಸವೇ ಆಗಿತ್ತು. ಅದಕ್ಕೆ ಬದಲಿ ಎನ್ನುತ್ತಿದ್ದೆವು.

ಅಷ್ಟರಲ್ಲಿ ತಿಪ್ಪಮ್ಮ ಚಹಾ ತಂದಳು. ಅರವತ್ತು ದಾಟಿದ ತಿಪ್ಪಮ್ಮ ಕೇಂದ್ರದ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ಯಂತ್ರ ಪರೀಕ್ಷಿಸಲೆಂದು ಅವಳ ಕೈಗೂ ಒಂದು ಪಟ್ಟಿ ಕಟ್ಟಿದ್ದರು. ಪರದೆಯ ಮೂಲೆಯಲ್ಲಿ ಅವಳ ನಾಡಿ ಸದಾ ಓಡುತ್ತಿತ್ತು. ಅರವತ್ತೆರಡು. ಹಾಲು ಉಕ್ಕಿದರೂ ಅರವತ್ತೆರಡು, ನಿರ್ದೇಶಕರು ಬೈದರೂ ಅರವತ್ತೆರಡು. ಆಗಾಗ ಒಂದು ಬಡಿತ ತಪ್ಪಿ, ಮುಂದಿನದು ತುಸು ಜೋರಾಗಿ ಬರುತ್ತಿತ್ತು, ಅಷ್ಟೇ.

"ನಮ್ಮನೆ ಹೆಪ್ಪು ಕೆಟ್ಟೋಗಿದೆ ತಿಪ್ಪಮ್ಮ," ಎಂದೆ. ಅವಳು ಮೊಸರಿನ ಮಾತೆಂದುಕೊಂಡಳು. ನಾನು ಬಿಡಿಸಿ ಹೇಳಿದೆ. ಎಷ್ಟು ಹಾಲು ಕಾಸಿದರೂ ಮನೆಯ ಹೆಪ್ಪು ಹುಳಿಯಾಗಿದ್ದರೆ ಮೊಸರು ಲೋಳೆಯಾಗುತ್ತದೆ. ಆಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ನನ್ನ ನಾಡಿಯೂ ಹಾಗೇ ಹುಳಿಯಾಗಿದೆ. ನಿನ್ನದು ಸ್ವಲ್ಪ ಬೇಕು.

ಅವಳು ಕೈಯ ಪಟ್ಟಿಯನ್ನು ತಿರುಗಿಸಿ ನೋಡಿಕೊಂಡಳು. "ಹೆಪ್ಪು ಕೇಳಿದ್ರೆ ಇಲ್ಲ ಅಂತಾರೇನವ್ವ? ದೀಪ ಹಚ್ಚಿದ ಮ್ಯಾಗೆ ಮಾತ್ರ ಕೇಳಬ್ಯಾಡ."

ಬೆಳಗಿನ ಹನ್ನೊಂದು ಗಂಟೆಗೆ, ಅರ್ಜಿಯಿಲ್ಲದೆ, ಪರ್ಣಿಕಾಳ ಪಟ್ಟಿಗೆ ತಿಪ್ಪಮ್ಮನ ನಾಡಿಯನ್ನು ಜೋಡಿಸಿದೆ. ನನ್ನ ನಾಡಿ ಓಡುತ್ತಿತ್ತು. ಆದರೆ ಆ ಓಟ ಇನ್ನು ಮಗಳಿಗೆ ತಲುಪುವುದಿಲ್ಲ ಎಂದು ಸಮಾಧಾನವಾಯಿತು.

ಹೆಪ್ಪು ಕೂತಿತು. ಮೊದಲ ವಾರದಲ್ಲಿ ಪರ್ಣಿಯ ಗೆರೆ ಐದು ಸಲ ಹಳದಿ ಮುಟ್ಟಿ ಐದು ಸಲವೂ ಇಳಿಯಿತು. ಗುಲ್ಜಾರ್ ಎರಡು ದಿನ ಆ ಗೆರೆ ನೋಡಿ, ಮೂರನೆಯ ದಿನ ತನ್ನ ಅಣ್ಣನ ಮಗನ ಹೆಸರು ಹೇಳಿದಳು. "ಅತ್ತಿಗೆಗೆ ನಿದ್ದೆನೇ ಇಲ್ಲ ಇಂದಕ್ಕ. ಒಂದು ಚಮಚ." ಇಲ್ಲವೆನ್ನಲಾಗಲಿಲ್ಲ. ಆಮೇಲೆ ಕೇಂದ್ರದ ಡ್ರೈವರನ ಮಗ. ಪರ್ಣಿಯ ಕಬಡ್ಡಿ ತಂಡದ ಸಿಂಚನಾಳ ತಾಯಿ ಮನೆಯವರೆಗೂ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರ ಮಗಳಿಗೂ ಎರಡು ಗುರುತಾಗಿದ್ದವು. ಆರು ವಾರದಲ್ಲಿ ಮೂವತ್ತೊಂದು ಮಕ್ಕಳ ಮಣಿಕಟ್ಟಿನಲ್ಲಿ ತಿಪ್ಪಮ್ಮ ತಟ್ಟುತ್ತಿದ್ದಳು. ನಾವದನ್ನು ಮೋಸವೆಂದು ಒಮ್ಮೆಯೂ ಕರೆಯಲಿಲ್ಲ. ಹೆಪ್ಪು ಎಂದೇ ಕರೆದೆವು. ಬಟ್ಟಲು ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸಿ ನಮಗೆ ಅಭ್ಯಾಸವಿರಲಿಲ್ಲ.

ಮನೆಯಲ್ಲಿ ನಾನು ಎಣಿಸದಿದ್ದ ಒಂದು ಸಂಗತಿ ನಡೆಯಿತು. ಪರ್ಣಿ ಮಾತಾಡತೊಡಗಿದಳು.

ಒಂದು ಭಾನುವಾರ ಅವಳು ಕೆಟ್ಟುಹೋದ ಮಿಕ್ಸಿಯನ್ನು ನೆಲದ ಮೇಲೆ ಬಿಚ್ಚಿಟ್ಟುಕೊಂಡು ಕುಳಿತಿದ್ದಳು. ಪ್ಲಗ್ ತೆಗೆದಿದ್ದಾಳೆಯೇ ಎಂದು ನಾನು ಬಾಗಿಲ ಸಂದಿನಿಂದ ನೋಡಿದೆ. ತೆಗೆದಿದ್ದಳು.

"ಅಲ್ಲೇ ನಿಂತ್ಕೊಂಡು ಯಾಕ್ ನೋಡ್ತೀಯಾ, ಬಾ," ಎಂದಳು. ಆಮೇಲೆ ತಿರುಪು ಬಿಗಿಯುತ್ತಾ, ನನ್ನ ಮುಖ ನೋಡದೆ, "ಅಮ್ಮ, ನೀನೀಗ ಹೆದರೋದು ಬಿಟ್ಟಿದೀಯಾ?" ಎಂದು ಕೇಳಿದಳು.

"ಯಾಕೆ?"

"ಮೊದಲೆಲ್ಲ ನಂಗೆ ಸಿಟ್ಟು ಬಂದಾಗ ನಿನ್ನ ನಾಡಿ ಓಡ್ತಿತ್ತು. ಪೊಲೀಸ್ ಬಂದಂಗೆ. ಇವಳೇನೋ ಮಾಡೇ ಮಾಡ್ತಾಳೆ ಅಂತ ನೀನು ಮೊದಲೇ ತೀರ್ಮಾನ ಮಾಡಿದಂಗೆ ಅನ್ನಿಸ್ತಿತ್ತು. ಈಗ ಹಂಗಿಲ್ಲ. ಏನೇ ಆದ್ರೂ ನಿಧಾನಕ್ಕೆ ಹೊಡ್ಕೊಳತ್ತೆ. ನಡುವೆ ಒಂದೊಂದು ಮೆಟ್ಟಿಲು ಹಾರಿಬಿಡತ್ತೆ. ನಂಗದು ಇಷ್ಟ." ಅವಳು ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದಳು. "ಇವಳು ಸರಿಯಾಗೇ ಇದಾಳೆ ಅಂತ ನಿಂಗೀಗ ಅನ್ನಿಸ್ತಿದೆ, ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಅವಳು ಮಿಕ್ಸಿಗೆ ಪ್ಲಗ್ ಹಾಕಿದಳು. ಅದು ತಿರುಗಿತು. ನನ್ನ ಎದೆ ನೂರಿಪ್ಪತ್ತರಲ್ಲಿ ಓಡುತ್ತಿತ್ತು. ಆದರೆ ಅದೀಗ ಯಾರಿಗೂ ತಿಳಿಯುವಂತಿರಲಿಲ್ಲ.

ಅಂದಿನಿಂದ ಹೊಸ ಹೆದರಿಕೆ ಹಿಡಿಯಿತು. ಗುರುತು ಬಿದ್ದೀತೆಂಬ ಹೆದರಿಕೆಗಿಂತ ಇದು ದೊಡ್ಡದು. ಅವಳು ತನ್ನ ಮೇಲೆ ಇಟ್ಟುಕೊಳ್ಳತೊಡಗಿದ ನಂಬಿಕೆಯಷ್ಟೂ ನಾನಿಟ್ಟಿಲ್ಲದ ನಂಬಿಕೆಯ ಮೇಲೆ ನಿಂತಿತ್ತು.

ಅದು ಕುಸಿದದ್ದು ಕಬಡ್ಡಿ ಅಂಗಳದಲ್ಲಿ. ಆಟದ ಹೊತ್ತಿಗೆ ಬೇರೆ ಮಕ್ಕಳು ಪಟ್ಟಿ ಬಿಚ್ಚಿಡಬಹುದು. ಎರಡು ಗುರುತಾದವರು ಬಿಚ್ಚುವಂತಿಲ್ಲ. ಬಟ್ಟೆ ಸುತ್ತಿಕೊಂಡು ಆಡಬೇಕು. ಆಟದ ಓಟಕ್ಕೆಂದು ಅಂಗಳದೊಳಗೆ ಮಾತ್ರ ಹಳದಿ, ಕೆಂಪು ಗೆರೆಗಳು ಮೇಲಕ್ಕೆ ಸರಿದಿರುತ್ತವೆ. ಹಾಗಾಗಿ ಪರ್ಣಿಯ ಕೈಯಲ್ಲೂ ಸಿಂಚನಾಳ ಕೈಯಲ್ಲೂ ಪಟ್ಟಿಗಳಿದ್ದವು. ಎದುರಾಳಿ ಒಳಗೆ ನುಗ್ಗಿದಾಗ ಕಾಯುವವರು ಒಬ್ಬರ ಮಣಿಕಟ್ಟನ್ನೊಬ್ಬರು ಹಿಡಿದು ಸರಪಳಿ ಕಟ್ಟುತ್ತಾರಲ್ಲ, ಆ ದಿನ ಅವರಿಬ್ಬರೂ ಪಕ್ಕಪಕ್ಕ ನಿಂತು ಹಾಗೇ ಹಿಡಿದಿದ್ದರು. ಎದುರಾಳಿ ತಪ್ಪಿಸಿಕೊಂಡು ಹೋದಳು. ತರಬೇತಿಯ ಮೇಡಂ ಸೀಟಿ ಊದಿ, ಸರಪಳಿ ಬಿಡಬೇಡಿ ಹಾಗೇ ನಿಲ್ಲಿ ಎಂದು ನಿಲ್ಲಿಸಿ, ಇಬ್ಬರಿಗೂ ಚೆನ್ನಾಗಿ ಬೈದರು. ಇಬ್ಬರಿಗೂ ಸಿಟ್ಟು ಬಂತು. ಎರಡು ಪಟ್ಟಿಗಳೂ ಒಟ್ಟಿಗೆ ತಟ್ಟತೊಡಗಿದವು. ಒಬ್ಬಳ ಕೈ ಇನ್ನೊಬ್ಬಳ ಪಟ್ಟಿಯ ಮೇಲೆ. ಒಂದೇ ತಟ್ಟು. ಒಂದೇ ಕಡೆ ತಪ್ಪಿ, ಒಂದೇ ಸಲ ಮೆಟ್ಟಿಲು ಹಾರಿತು.

"ಇದು ನಮ್ಮಮ್ಮಂದು," ಎಂದಳಂತೆ ಪರ್ಣಿ.

"ನಮ್ಮಮ್ಮಂದು ಕಣೇ," ಎಂದಳು ಸಿಂಚನಾ. ಅವಳಿಗೆ ಬೇಗ ಹೊಳೆಯಿತು. "ನಿಮ್ಮಮ್ಮ ಅಲ್ಲೇ ಅಲ್ವಾ ಕೆಲಸ ಮಾಡೋದು? ತನ್ನದು ಕೊಡೋಕಾಗದೆ ನಮ್ಮಮ್ಮಂದು ಕದ್ದು ನಿಂಗೆ ಕಟ್ಟಿದಾಳೆ. ಸ್ವಂತ ಅಮ್ಮಂಗೂ ಬೇಡವಾದೋಳು ನೀನು."

ಈ ಮಾತುಗಳು ಕೇಂದ್ರದಲ್ಲಿ ಕುಳಿತ ನನಗೆ ಕೇಳಿಸಲಿಲ್ಲ. ಪರ್ಣಿಯ ಗೆರೆ ಹಳದಿಯಲ್ಲಿ ನಿಲ್ಲದೆ ನೇರ ಕೆಂಪು ದಾಟಿದ್ದಷ್ಟೇ ಕಂಡಿತು. ಪಕ್ಕದಲ್ಲಿ ಸಿಂಚನಾಳದೂ. ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು. ಇಪ್ಪತ್ತು. ತಿಪ್ಪಮ್ಮ ತಟ್ಟುತ್ತಲೇ ಇದ್ದಳು, ಅರವತ್ತೆರಡು. ಪರ್ಣಿಯ ಗೆರೆ ಪ್ರತಿ ತಟ್ಟಿಗೂ ಇನ್ನಷ್ಟು ಮೇಲೆ ಹೋಗುತ್ತಿತ್ತು.

"ಅವಳಿಗೆ ಗೊತ್ತಾಗಿದೆ," ಎಂದೆ.

"ಮುಟ್ಟಬೇಡಿ ಇಂದಕ್ಕ. ಕಾಯಿರಿ, ಇಳಿಯತ್ತೆ."

ಮೂವತ್ತೈದು. ಹೆಪ್ಪನ್ನು ಕಿತ್ತು ನನ್ನ ನಾಡಿಯನ್ನು ಜೋಡಿಸಿದರೆ ಅದು ಇಳಿಸುವುದಿಲ್ಲ. ಆ ಕ್ಷಣ ನನ್ನದು ನೂರಾ ಮೂವತ್ತೆಂಟು. ಇದೆಲ್ಲ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಅವಳು ಅಲ್ಲಿ ಯಾರದೋ ಎದೆಯೊಂದಿಗೆ ಒಬ್ಬಳೇ ನಿಂತಿದ್ದಾಳೆ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ನಲವತ್ತನೆಯ ಸೆಕೆಂಡಿಗೆ ಜೋಡಣೆ ಬದಲಿಸಿದೆ. ಗುಲ್ಜಾರ್ ಸಿಂಚನಾಳ ಪಟ್ಟಿಗೆ ಅವಳ ತಾಯಿಯ ನಾಡಿಯನ್ನು ಜೋಡಿಸಿದಳು.

ಸಿಂಚನಾಳ ಗೆರೆ ಇಳಿಯಿತು. ಪರ್ಣಿಯದು ಇಳಿಯಲಿಲ್ಲ. ಒಂದು ಕ್ಷಣ ತಡೆದಂತಾಗಿ ಮತ್ತೆ ಏರಿತು. ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತು. ಮೂರನೆಯ ಗುರುತು ಬಿತ್ತು.

ಆಮೇಲೆ, ಪಟ್ಟಿ ಎಲ್ಲಿದೆಯೆಂದು ತೋರಿಸುವ ನಕ್ಷೆಯತ್ತ ನೋಡಿದರೆ ಅವಳ ಚುಕ್ಕಿ ಆಗಲೇ ಚಲಿಸುತ್ತಿತ್ತು. ಶಾಲೆಯ ಗೇಟು ದಾಟಿತು, ರಸ್ತೆಗೆ ಬಂತು. ಓಡಿಹೋಗುತ್ತಿದ್ದಾಳೆ ಎಂದುಕೊಂಡೆ. ಬಾವಿ, ಬಸ್ ನಿಲ್ದಾಣ, ರೈಲು ಹಳಿ, ಎಲ್ಲವೂ ಕಣ್ಣ ಮುಂದೆ ಬಂದವು. ಚುಕ್ಕಿ ಬಸ್ ನಿಲ್ದಾಣ ದಾಟಿತು, ಸಂತೆ ಮೈದಾನ ದಾಟಿತು, ಗಿರಣಿಯ ರಸ್ತೆಗೆ ತಿರುಗಿತು. ಅದು ಬರುತ್ತಿದ್ದುದು ನನ್ನ ಕಡೆಗೆ. ಗೆರೆ ಇಳಿಯದಿದ್ದುದು ಅವಳು ಓಡುತ್ತಿದ್ದುದರಿಂದ. ಅಂಗಳದ ಆಚೆ ಯಂತ್ರಕ್ಕೆ ಸಿಟ್ಟಿನ ಓಟವೂ ಈ ಓಟವೂ ಒಂದೇ.

ಬಾಗಿಲಲ್ಲಿ ನಿಂತಾಗ ಮೊಣಕೈಯ ತುಂಬ ಮಣ್ಣಿತ್ತು.

"ಹೊಡೆದೆಯಾ ಅವಳಿಗೆ?" ಮೊದಲು ಬಾಯಿಗೆ ಬಂದದ್ದು ಇದು. ಇವತ್ತಿಗೂ ನನಗೆ ಅದರ ನಾಚಿಕೆಯಿದೆ.

"ಕಾಲರ್ ಹಿಡಿದಿದ್ದೆ," ಎಂದಳು ಏದುಸಿರಿನಲ್ಲಿ. "ಆಮೇಲೆ ನಿಂದು ಬಂತು. ಓಡೋ ನಾಡಿ. ಬಿಟ್ಟುಬಿಟ್ಟೆ." ತುಸು ಹೊತ್ತು ಉಸಿರು ತೆಗೆದುಕೊಂಡಳು. "ಇಷ್ಟು ದಿನ ಇದ್ದದ್ದು ಯಾರು?"

ಚಹಾದ ತಟ್ಟೆ ಹಿಡಿದು ತಿಪ್ಪಮ್ಮ ಹಿಂದೆಯೇ ನಿಂತಿದ್ದಳು. ಅವಳು ಪಟ್ಟಿಯ ಕೈಯನ್ನು ಎತ್ತಿ ತೋರಿಸಿದಳು. ಪರ್ಣಿ ಆ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಒಂದು ಬಡಿತ ತಪ್ಪುವವರೆಗೂ ತೆಗೆಯಲಿಲ್ಲ.

"ನಿಮಗೆ ಯಾವತ್ತೂ ಹೆದರಿಕೆ ಆಗಲ್ವಾ ಅಜ್ಜಿ?"

"ಆಗ್ದೇನವ್ವ. ಹತ್ತು ವರ್ಸದಿಂದ ಬೀಪಿ ಮಾತ್ರೆ ತಿಂತೀನಿ, ಎದೆ ಓಡದಂಗೆ ಕಟ್ಟಾಕ್ತದೆ ಅದು. ಒಳಗಿನ ಹೆದ್ರಿಕೆ ಒಳಗೇ ಐತೆ."

ನಾನೂ ಗುಲ್ಜಾರಳೂ ಮುಖ ಮುಖ ನೋಡಿಕೊಂಡೆವು. ಆರು ವಾರ ಮೂವತ್ತೊಂದು ಮಕ್ಕಳಿಗೆ ನಾವು ಹಂಚಿದ್ದು ಅದನ್ನು. ತಿಪ್ಪಮ್ಮನ ಎದೆ ಯಾಕಷ್ಟು ನಿಧಾನವೆಂದು ಒಬ್ಬರೂ ಕೇಳಿರಲಿಲ್ಲ. ಹೆಪ್ಪು ತರುವಾಗ ಆ ಮನೆಯ ಹಾಲು ಎಂಥದೆಂದು ಯಾರು ಕೇಳುತ್ತಾರೆ.

ಪರ್ಣಿ ನನ್ನ ಕಡೆ ತಿರುಗಿ, ಪಟ್ಟಿಯನ್ನು ಸರಿಸಿ ನನ್ನ ಕೈ ಹಿಡಿದಳು. ತುಟಿಯಲ್ಲೇ ಎಣಿಸಿದಳು.

"ಇದು ನಿಂದೇ," ಎಂದಳು. ಆಮೇಲೆ, "ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ನಂಗೆ ಹೆದರ್ತೀಯಾ, ನಂಗೋಸ್ಕರ ಹೆದರ್ತೀಯಾ?"

ಎರಡನೆಯದೆಂದು ಹೇಳುವುದು ಸುಲಭವಿತ್ತು. ಅವಳ ಬೆರಳು ನನ್ನ ನಾಡಿಯ ಮೇಲಿತ್ತು.

"ಎರಡೂ," ಎಂದೆ. "ನೀನು ಯಾರಿಗಾದ್ರೂ ಏನಾದ್ರೂ ಮಾಡಿಬಿಡ್ತೀಯಾ ಅಂತ ಹೆದರ್ತೀನಿ. ನಿಂಗೆ ಯಾರಾದ್ರೂ ಏನಾದ್ರೂ ಮಾಡ್ತಾರೆ ಅಂತಲೂ."

ಅವಳು ಕೈ ಬಿಡಲಿಲ್ಲ. ಅಳಲೂ ಇಲ್ಲ. "ಇದನ್ನ ಮೊದಲೇ ಹೇಳಬಹುದಿತ್ತಲ್ಲ," ಎಂದಳು.

ನಾನು ನಿರ್ದೇಶಕ ಚಂದ್ರಮೌಳಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅರ್ಜಿಯಿಲ್ಲದ ಬದಲಿ ನಾಡಿ ಇದ್ದ ಅವಧಿಯ ದಾಖಲೆ ಊರ್ಜಿತವಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಹೇಳಿದರೆ ಪರ್ಣಿಯ ಮೂರನೆಯ ಗುರುತು ಅಳಿಯುತ್ತದೆ. ನನ್ನ ಕೆಲಸ ಹೋಗುತ್ತದೆ. ಉಳಿದ ಮೂವತ್ತು ಮಕ್ಕಳ ಆರು ವಾರದ ಶಾಂತಿಯೂ ಅಳಿಯುತ್ತದೆ, ಗುಲ್ಜಾರಳ ಅಣ್ಣನ ಮಗನದೂ ಸೇರಿ. ಮೂರೂ ಹಾಗೇ ಆದವು. ಗುಲ್ಜಾರ್‌ಗೆ ಎಚ್ಚರಿಕೆ ಪತ್ರ ಬಂತು. ಅವಳು ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಡ್ರೈವರನ ಹೆಂಡತಿ ರಸ್ತೆಯಲ್ಲಿ ನಿಲ್ಲಿಸಿ, "ನಮ್ಮುಡುಗ ನೆಮ್ಮದಿಯಾಗಿದ್ದ, ಹೇಳೋಕೆ ಯಾಕ್ರೀ ಹೋದ್ರಿ?" ಎಂದರು.

ತನಿಖೆ ಮುಗಿಯುವ ತನಕ ಮೂವತ್ತೊಂದು ಮಕ್ಕಳೂ ಪಟ್ಟಿಯಿಲ್ಲದೆ ಇರಬೇಕೆಂದಾಯಿತು. ಈ ನಡುವೆ ಹೊಡೆದಾಟವಾದರೆ ನೇರ ಶಮನ ಶಾಲೆ. ಎಚ್ಚರಿಸಲು ಗೆರೆಯಿಲ್ಲ, ತಟ್ಟಲು ಬಿಲ್ಲೆಯಿಲ್ಲ. ಇಂಥದೇ ದಿನಗಳಲ್ಲಿ ಹಿರಿಯೂರಿನಲ್ಲಿ ಕಬಡ್ಡಿ ಪಂದ್ಯ ಬಂತು.

ಹೊರಡುವ ಬೆಳಿಗ್ಗೆ ನಾನು ಹಾಲು ಕಾಸಿ ಆರಲು ಇಟ್ಟಿದ್ದೆ. ಪರ್ಣಿ ಹೆಪ್ಪಿನ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಹಾಲು ಇನ್ನೂ ಬಿಸಿ ಇದೆಯೇನೋ," ಎಂದೆ.

"ನಿಂಗಾಗಲ್ಲ ಬಿಡಮ್ಮ, ನಾನೇ ಮಾಡ್ತೀನಿ." ಅವಳು ಬೆರಳದ್ದಿ ನೋಡಿ, ಹೆಪ್ಪು ಹಾಕಿ, ಕಲಕಿ, ಮುಚ್ಚಳ ಮುಚ್ಚಿದಳು. "ಸಂಜೆ ನಾನು ಬರೋವರೆಗೂ ತೆಗೀಬೇಡ. ಅಲ್ಲಾಡಿಸಿದ್ರೆ ಕೂರಲ್ಲ."

ಆ ದಿನವನ್ನು ಹೇಗೆ ಕಳೆದೆನೆಂದು ಹೇಳುವುದಿಲ್ಲ. ನೋಡಲು ಪರದೆಯಿರಲಿಲ್ಲ. ಮಣಿಕಟ್ಟಿನಲ್ಲಿ ಪಟ್ಟಿಯಿದ್ದ ಜಾಗ ಬಿಳಿಚಿಕೊಂಡಿತ್ತು. ಫೋನು ಒಮ್ಮೆ ಬಡಿದುಕೊಂಡಿತು. ಬಸವಪ್ರಭು. ಕಂಬದ ಮೇಲಿಂದ ಇಳಿದು, "ಏನಾದ್ರೂ ಗೊತ್ತಾಯ್ತಾ?" ಎಂದು ಕೇಳಿದರು. ಆ ಧ್ವನಿ ಕೇಳಿ, ಈ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಅಲ್ಲವೆಂದು ಹದಿನೈದು ವರ್ಷಗಳ ಮೇಲೆ ತಿಳಿಯಿತು. "ಅವಳು ಬಂದ ಮೇಲೆ ನೀವೇ ಕೇಳಿ," ಎಂದೆ.

ಐದೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆ. ಎಣಿಸಬಾರದೆಂದುಕೊಂಡು ಎಣಿಸಿದೆ. ಪರ್ಣಿ ಒಳಗೆ ಬಂದಳು. ಕೆಳದುಟಿ ಊದಿತ್ತು.

ಬಾಯಿಗೆ ಬಂದ ಪ್ರಶ್ನೆ ಬಿಟ್ಟು ನೀರು ತಂದುಕೊಟ್ಟೆ.

"ಕೇಳು, ಪರವಾಗಿಲ್ಲ," ಎಂದಳು.

"ಏನಾಯ್ತು?"

"ಒಬ್ಳು ಮೊಣಕೈಲಿ ಹೊಡೆದ್ಳು. ಬೇಕಂತಲೇ. ಸಿಂಚನಾ ನನ್ನ ಕೈ ಹಿಡಿದಿದ್ಳು. ನಾನೂ ಬಿಡಲಿಲ್ಲ." ಶೂ ಬಿಚ್ಚುತ್ತಾ ಸೇರಿಸಿದಳು, "ಬಿಡಬೇಕು ಅಂತ ತುಂಬಾ ಅನ್ನಿಸ್ತು. ಅದನ್ನೂ ಹೇಳಿದೀನಿ, ನೋಡು."

"ಪಂದ್ಯ?"

"ಸೋತ್ವಿ."

ಅಡುಗೆಮನೆಗೆ ಹೋಗಿ ಅವಳು ಪಾತ್ರೆಯ ಮುಚ್ಚಳ ತೆಗೆದಳು. ಬಾಗಿ ನೋಡಿದಳು.

"ಎಷ್ಟು ಸಲ ತೆಗೆದು ನೋಡಿದೆ?"

"ಒಂದು ಸಲ."

ಅವಳು ಹಾಗೇ ನೋಡುತ್ತಾ ನಿಂತಳು.

"ನಾಲ್ಕು," ಎಂದೆ.

ಮೊಸರಿನ ಅಂಚಿನಲ್ಲಿ ಸಣ್ಣದೊಂದು ಬಿರುಕು ಬಿಟ್ಟು ನೀರು ಬಂದಿತ್ತು. ಅವಳು ಚಮಚದ ಹಿಂಬದಿಯಿಂದ ನಡುವೆ ಮುಟ್ಟಿ ನೋಡಿದಳು. ಅಲ್ಲಿ ಗಟ್ಟಿಯಾಗಿತ್ತು.

"ಆದ್ರೂ ಕೂತಿದೆ," ಎಂದು ಎರಡು ತಟ್ಟೆ ತೆಗೆದಳು.